ಎಡಿಸಿ ಪಿನ್ನಿನ ಹಿಂದಿನ ಪುಟ್ಟ ಕೆಪಾಸಿಟರ್

ವೋಲ್ಟೇಜನ್ನು ಅಂಕೆಯಾಗಿ ಬದಲಿಸುವ ಎಡಿಸಿ ಚಿಪ್ ಆರಿಸುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಎಷ್ಟು ಬಿಟ್ ಅಂತ. ನಾನು ಡೇಟಾಶೀಟ್ ತೆರೆದರೆ ಮೊದಲು ಹುಡುಕುವುದು ಇನ್‌ಪುಟ್ ಪಿನ್ನಿನ ಒಳಗಿನ ಚಿತ್ರ. ಅಲ್ಲೊಂದು ಸ್ವಿಚ್, ಅದರ ಹಿಂದೊಂದು ಪುಟ್ಟ ಕೆಪಾಸಿಟರ್. ಪ್ರತಿ ಸಲ ಅಳೆಯುವಾಗಲೂ ಅದಕ್ಕೆ ಚಾರ್ಜ್ ತುಂಬಬೇಕಾದ್ದು ನಮ್ಮ ಸರ್ಕ್ಯೂಟೇ.

9 ವೋಲ್ಟ್ ಬ್ಯಾಟರಿ ಅಳೆಯಲು ಎಂಸಿಪಿ3208 ಎಂಬ ಎಡಿಸಿ ಬಳಸಿದೆ. 12 ಬಿಟ್, 8 ಚಾನೆಲ್ (ಇನ್‌ಪುಟ್). ಬ್ಯಾಟರಿ ಸುಮ್ನೆ ಖಾಲಿಯಾಗಬಾರದಲ್ವಾ, ಅದಕ್ಕೆ 200 ಮತ್ತು 100 ಕಿಲೋ ಓಮ್ ರೆಸಿಸ್ಟರ್ ಹಾಕಿ ವೋಲ್ಟೇಜನ್ನು ಮೂರನೇ ಒಂದಕ್ಕೆ ಇಳಿಸಿದೆ. ಮೊದಲು ಬೇರೇನೂ ಸೇರಿಸದೆ ನೇರವಾಗಿ ಪಿನ್ನಿಗೆ ಕೊಟ್ಟು ನೋಡಿದೆ. ರೀಡಿಂಗ್ ಕಡಿಮೆ ಬಂತು. ಅಷ್ಟೇ ಅಲ್ಲ, ಪಕ್ಕದ ಚಾನೆಲ್‌ನ ಪೊಟೆನ್ಷಿಯೋಮೀಟರ್ ತಿರುಗಿಸಿದರೆ ಬ್ಯಾಟರಿಯ ಅಂಕೆಯೂ ಅಲುಗಾಡಿತು!

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಆ ಎರಡು ರೆಸಿಸ್ಟರ್ ಪ್ಯಾರಲಲ್ ಆಗಿ ಸೇರಿ ಪಿನ್ನಿಗೆ ಕಾಣುವ ರೆಸಿಸ್ಟೆನ್ಸ್ ಸುಮಾರು 67 ಕಿಲೋ ಓಮ್, ಒಳಗಿನ ಸ್ವಿಚ್‌ನದ್ದು 1. ಕೆಪಾಸಿಟರ್ 20 ಪಿಕೋಫ್ಯಾರಡ್. ರೆಸಿಸ್ಟೆನ್ಸ್ ಎರಡನ್ನೂ ಕೂಡಿಸಿ ಕೆಪಾಸಿಟರ್‌ನಿಂದ ಗುಣಿಸಿದರೆ 1.36 ಮೈಕ್ರೋಸೆಕೆಂಡ್. 12 ಬಿಟ್‌ನಷ್ಟು ನಿಖರವಾಗಿ ತುಂಬಲು ಅದರ 9 ಪಟ್ಟು, ಅಂದರೆ 12 ಮೈಕ್ರೋಸೆಕೆಂಡ್ ಬೇಕು. ಚಿಪ್ ಕೊಡುವುದು ಒಂದೂವರೆ ಕ್ಲಾಕ್ ಮಿಡಿತ ಮಾತ್ರ. 1 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 1.5 ಮೈಕ್ರೋಸೆಕೆಂಡ್. ಹಿಂದಿನ ಚಾನೆಲ್‌ನ ಚಾರ್ಜ್ ಪೂರ್ತಿ ಅಳಿಸಿಹೋಗಲು ಸಮಯವೇ ಇಲ್ಲ.

ಕ್ಲಾಕ್ ನಿಧಾನ ಮಾಡಬಹುದು, ಆದರೆ ಒಂದು ಸೋಮಾರಿ ಚಾನೆಲ್‌ಗಾಗಿ ಉಳಿದ ಏಳನ್ನೂ ಕಾಯಿಸುವುದು ನನಗಿಷ್ಟವಿಲ್ಲ. ಪಿನ್ನಿಗೆ ಅಂಟಿಕೊಂಡಂತೆ 220 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದನ್ನು ಗ್ರೌಂಡಿಗೆ ಹಾಕಿದೆ. ತುಂಬಿದ ಕೊಡದಿಂದ ಒಂದು ಚಮಚ ತೆಗೆದ ಹಾಗೆ: 20 ಪಿಕೋಫ್ಯಾರಡ್ ಅದರ ಹನ್ನೊಂದು ಸಾವಿರದಲ್ಲಿ ಒಂದು ಪಾಲು, ಅಂದರೆ ತಪ್ಪು ಅರ್ಧ ಕೋಡ್‌ಗಿಂತ (ಎಡಿಸಿ ಕೊಡುವ ಅಂಕೆಯ ಅರ್ಧ ಮೆಟ್ಟಿಲಿಗಿಂತ) ಕಡಿಮೆ. ಕೆಪಾಸಿಟರ್ ಮತ್ತೆ ತುಂಬಿಕೊಳ್ಳಲು ಬಿಡುವು ಬೇಕು, ಹಾಗಾಗಿ ಸೆಕೆಂಡಿಗೊಮ್ಮೆ ಓದುತ್ತೇನೆ. ಬ್ಯಾಟರಿಗೆ ಅದೇ ಜಾಸ್ತಿ.

ವೇಗದ ಸಿಗ್ನಲ್‌ಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್, ಅಂದರೆ ಆಪ್ ಆಂಪ್, ಬೇಕೇ ಬೇಕು. ಅದರ ಔಟ್‌ಪುಟ್ ಮತ್ತು ಪಿನ್ನಿನ ಕೆಪಾಸಿಟರ್ ನಡುವೆ ಒಂದು ಸಣ್ಣ ರೆಸಿಸ್ಟರ್ ಇರಲಿ. ಇಲ್ಲದಿದ್ದರೆ ಎಷ್ಟೋ ಆಪ್ ಆಂಪ್‌ಗಳು ಆಸಿಲೇಟ್ ಆಗುತ್ತವೆ, ಅಂದರೆ ಔಟ್‌ಪುಟ್ ತಾನಾಗಿಯೇ ಏರಿಳಿಯುತ್ತಿರುತ್ತದೆ.

ಎಡಿಸಿ ಹೋಲಿಸಿ ಅಳೆಯುವ ವೋಲ್ಟೇಜ್, ಅಂದರೆ ರೆಫರೆನ್ಸ್‌ಗೆ 4.096 ವೋಲ್ಟ್ ಚಿಪ್ ಹಾಕಿದ್ದೇನೆ. 4096 ಮೆಟ್ಟಿಲು, ಒಂದೊಂದೂ 1 ಮಿಲಿವೋಲ್ಟ್. ಪರೀಕ್ಷೆ ಮಾಡುವಾಗ ತಲೆಯಲ್ಲೇ ಲೆಕ್ಕ ಆಗುತ್ತದೆ. ಉಷ್ಣತೆ ಅಳೆಯುವ ಥರ್ಮಿಸ್ಟರ್‌ನ ಡಿವೈಡರ್‌ಗೂ (ವೋಲ್ಟೇಜ್ ಹಂಚುವ ರೆಸಿಸ್ಟರ್ ಜೋಡಿ) ಇದೇ ರೆಫರೆನ್ಸ್‌ನಿಂದ ವೋಲ್ಟೇಜ್ ಕೊಡುತ್ತೇನೆ. ರೆಫರೆನ್ಸ್ ಸ್ವಲ್ಪ ಏರಿಳಿದರೂ ಡಿವೈಡರ್ ಅದರ ಜೊತೆಗೇ ಏರಿಳಿಯುತ್ತದೆ, ಕೋಡ್ ಬದಲಾಗುವುದಿಲ್ಲ.