ಫೋಟೊ ಎಡಿಟರ್ ಮುಚ್ಚದಿದ್ದರೆ ಪ್ರಿಂಟರ್ ಕಡೆಗೂ ನೋಡಿ

ನಾನು ಬಳಸುವ ಫೋಟೊ ಎಡಿಟಿಂಗ್ ತಂತ್ರಾಂಶ ಹಳೆಯದು, 32 ಬಿಟ್‌ನದು. ಕ್ಲೋಸ್ ಒತ್ತಿದರೆ ಪರದೆಯಿಂದ ಮಾಯವಾಗುತ್ತಿತ್ತು. ಮತ್ತೆ ತೆರೆಯಹೋದರೆ ‘ಈಗಾಗಲೇ ಚಾಲನೆಯಲ್ಲಿದೆ’ ಎಂಬ ಸಂದೇಶ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಚಾಲನೆಯಲ್ಲಿರುವ ಪ್ರೋಗ್ರಾಂಗಳನ್ನು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿದರೆ ಡೀಟೇಲ್ಸ್ ಪಟ್ಟಿಯಲ್ಲಿ ಅದು ಹಾಗೇ ಕೂತಿರುತ್ತಿತ್ತು. ಎಂಡ್ ಟಾಸ್ಕ್ ಕೊಟ್ಟರೆ ಹೋಗುತ್ತದೆ, ನಿಜ. ಆದರೆ ದಿನವೂ ಹಾಗೆ ಬಲವಂತವಾಗಿ ನಿಲ್ಲಿಸುವುದು ಒಳ್ಳೆಯದಲ್ಲ. ಬದಲಿಸಿದ ಸೆಟ್ಟಿಂಗ್ ಉಳಿಯದೇ ಹೋಗಬಹುದು, ಸೇವ್ ಆಗುತ್ತಿದ್ದ ಕಡತ ಕೆಡಲೂಬಹುದು.

ದಾರಿ ತೋರಿಸಿದ್ದು ಅದೇ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿದಾಗ ಸಿಗುವ ‘ಅನಲೈಸ್ ವೇಟ್ ಚೈನ್’. ಯಾವ ಪ್ರೋಗ್ರಾಂ ಯಾವುದಕ್ಕಾಗಿ ಕಾಯುತ್ತಿದೆ ಎಂದು ಅದು ತೋರಿಸುತ್ತದೆ. ಇಷ್ಟು ಉಪಯೋಗದ ಸೌಲಭ್ಯ ಒಳಗೆಲ್ಲೋ ಅಡಗಿರುವುದು ಬೇಸರದ ಸಂಗತಿ. ನನ್ನದು ಎಸ್‌ಪಿಎಲ್‌ವಾವ್64 ಎಂಬುದಕ್ಕೆ ಕಾಯುತ್ತಿತ್ತು. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶಕ್ಕೂ ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ಗೂ ನಡುವಿನ ಮಧ್ಯವರ್ತಿ ಅದು. ಡೀಫಾಲ್ಟ್ ಪ್ರಿಂಟರ್, ಅಂದರೆ ತಾನಾಗಿಯೇ ಆಯ್ಕೆಯಾಗುವ ಪ್ರಿಂಟರ್ ಆಗಿದ್ದದ್ದೋ, ಈಗ ಮನೆಯಲ್ಲೇ ಇಲ್ಲದ ಹಳೇ ನೆಟ್‌ವರ್ಕ್ ಪ್ರಿಂಟರ್!

ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ಆರಿಸುವ ಸೆಟ್ಟಿಂಗ್ ಆಫ್ ಮಾಡಿ, ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಅನ್ನು ಡೀಫಾಲ್ಟ್ ಮಾಡಿದೆ. ಹಳೆಯದನ್ನು ಪಟ್ಟಿಯಿಂದ ತೆಗೆದೆ. ರೀಸ್ಟಾರ್ಟ್ ಆದ ಮೇಲೆ ಒಂದೇ ಕ್ಲಿಕ್ಕಿಗೆ ಪೂರ್ತಿ ಮುಚ್ಚುತ್ತಿದೆ. ನಿಮ್ಮ ವೇಟ್ ಚೈನ್‌ನಲ್ಲಿ ಬೇರೆ ಹೆಸರು ಕಂಡರೆ, ಎಡಿಟರ್‌ಗೆ ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ.