ರಸ್ತೆ ಯೋಜನೆಯ ಪರಿಸರ ಪರಿಶೀಲನೆ: ಹೊಣೆ ಹೊತ್ತವರಿಗೆ ಕೈಪಿಡಿ

ರಸ್ತೆಯ ಮಧ್ಯರೇಖೆ ಅಂತಿಮವಾದ ಮೇಲೆ ಪರಿಸರ ತಂಡವನ್ನು ಕರೆದರೆ, ಅದಕ್ಕೆ ಉಳಿಯುವ ಕೆಲಸ ನೆಡಬೇಕಾದ ಗಿಡಗಳ ಪಟ್ಟಿ ಮಾಡುವುದಷ್ಟೇ. ಹಾಗಾಗಿ ತಂಡದ ಮುಖ್ಯಸ್ಥರು ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ವಿನ್ಯಾಸದ ವೇಳಾಪಟ್ಟಿ. ವರದಿಯ ಗಡುವು ಆಮೇಲಿನ ಮಾತು. ವಿನ್ಯಾಸ ಶೇ 30ರ ಹಂತ ಮುಟ್ಟುವಷ್ಟರಲ್ಲಿ ಮಾರ್ಗ, ಸೇತುವೆಗಳ ಜಾಗ, ಏರಿಯ ಎತ್ತರ ಬಹುಪಾಲು ತೀರ್ಮಾನವಾಗಿರುತ್ತವೆ. ನಿಮ್ಮ ತಂಡದ ಮಾಹಿತಿ ಅದಕ್ಕೆ ಮೊದಲೇ ವಿನ್ಯಾಸಕಾರರ ಮೇಜಿನ ಮೇಲಿರಬೇಕು, ಒರಟಾಗಿದ್ದರೂ ಪರವಾಗಿಲ್ಲ.

ಯೋಜನೆ ಮುಟ್ಟುವ ನೆಲ ಎಷ್ಟು?

ಅತಿ ಹೆಚ್ಚು ಎಡವಟ್ಟುಗಳು ಹುಟ್ಟುವುದು ಯೋಜನೆಯ ವಿವರಣೆಯಲ್ಲಿ. ವಾಹನ ಓಡುವ ಪಟ್ಟಿಯನ್ನಷ್ಟೇ ಗುರುತಿಸಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ನಕ್ಷೆಯಲ್ಲಿ ಇವೆಲ್ಲ ಬರಬೇಕು: ಮಣ್ಣು ತೆಗೆಯುವ ಗುಂಡಿಗಳು, ಹೆಚ್ಚುವರಿ ಮಣ್ಣು ಸುರಿಯುವ ಜಾಗ, ಕ್ರಷರ್, ಡಾಂಬರು ಮತ್ತು ಕಾಂಕ್ರೀಟ್ ಮಿಶ್ರಣ ಘಟಕಗಳು, ಕಾರ್ಮಿಕರ ಶಿಬಿರ, ತಾತ್ಕಾಲಿಕ ರಸ್ತೆಗಳು, ಸ್ಥಳಾಂತರವಾಗುವ ವಿದ್ಯುತ್ ಕಂಬ ಮತ್ತು ನೀರಿನ ಕೊಳವೆಗಳು.

ಲೆಕ್ಕ ಹಾಕಿದರೆ ಇದರ ಗಾತ್ರ ತಿಳಿಯುತ್ತದೆ. 20 ಕಿ.ಮೀ. ಉದ್ದ, ಸರಾಸರಿ 25 ಮೀ. ಅಗಲ, 2 ಮೀ. ಎತ್ತರದ ಏರಿಗೆ 10 ಲಕ್ಷ ಘನ ಮೀಟರ್ ಮಣ್ಣು ಬೇಕು. 2 ಮೀ. ಆಳಕ್ಕೆ ಅಗೆದರೆ 50 ಹೆಕ್ಟೇರ್ ನೆಲ ಹೋಗುತ್ತದೆ. ಒಂದು ಟಿಪ್ಪರ್ 14 ಘನ ಮೀಟರ್ ಹೊತ್ತರೂ 71 ಸಾವಿರಕ್ಕಿಂತ ಹೆಚ್ಚು ಸರದಿ. ಮಣ್ಣು ಅಗೆದಾಗ ಉಬ್ಬುವುದು, ರೋಲರ್ ಅಡಿ ಕುಗ್ಗುವುದು ಈ ಲೆಕ್ಕದಲ್ಲಿಲ್ಲ. ಈ ಟಿಪ್ಪರ್‌ಗಳು ಯಾವ ಊರಿನ ನಡುವೆ ಓಡಾಡುತ್ತವೆ ಎಂದು ಹೇಳದ ವರದಿ ಅಪೂರ್ಣ. ಹಾಗೆಯೇ 10 ಕಿ.ಮೀ. ಉದ್ದಕ್ಕೂ ಅಂಚಿನಲ್ಲಿ 5 ಮೀ. ಹೆಚ್ಚಿಸಿದರೆ 5 ಹೆಕ್ಟೇರ್ ಸೇರಿಕೊಳ್ಳುತ್ತದೆ. ‘ಸ್ವಲ್ಪ ಅಗಲ ಮಾಡಿದ್ದೇವೆ’ ಎಂಬ ಮಾತು ಕೇಳಿಬಂದಾಗಲೆಲ್ಲ ಈ ಗುಣಾಕಾರ ಮಾಡಿ.

ಪರ್ಯಾಯ ಮಾರ್ಗಗಳು

ಮೂರು ಮಾರ್ಗ ತೋರಿಸಿ, ಎರಡನ್ನು ಬೇಕೆಂದೇ ಕೆಟ್ಟದಾಗಿ ಎಳೆದಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಪ್ರತಿ ಮಾರ್ಗವೂ ಯೋಜನೆಯ ಉದ್ದೇಶವನ್ನು ಈಡೇರಿಸುವಂಥದ್ದಾಗಿರಬೇಕು; ಇರುವ ರಸ್ತೆಯನ್ನೇ ಸುಧಾರಿಸುವುದು ಮತ್ತು ಏನನ್ನೂ ಕಟ್ಟದಿರುವುದು ಹೋಲಿಕೆಯಲ್ಲಿ ಇರಲೇಬೇಕು. ಎಲ್ಲಕ್ಕೂ ಅದೇ ಅಳತೆಗೋಲು ಬಳಸಿ: ಹೋಗುವ ಜೌಗು ಮತ್ತು ಕಾಡು ಎಷ್ಟು ಹೆಕ್ಟೇರ್, ದಾಟುವ ಹಳ್ಳಗಳು ಎಷ್ಟು, ತೆರವಾಗುವ ಮನೆಗಳು ಎಷ್ಟು, ಕಡಿಯುವ ಮತ್ತು ತುಂಬುವ ಮಣ್ಣು ಎಷ್ಟು. ಇವನ್ನೆಲ್ಲ ಕೂಡಿಸಿ ಒಂದೇ ಅಂಕ ಮಾಡುವ ಪದ್ಧತಿಯನ್ನು ನಂಬಬೇಡಿ. ಯಾವ ಅಳತೆಗೆ ಎಷ್ಟು ತೂಕ ಎಂಬುದನ್ನು ಕೊಂಚ ಸರಿಸಿದರೆ ಬೇಕಾದ ಮಾರ್ಗವೇ ಗೆಲ್ಲುತ್ತದೆ.

ಹಾನಿಯ ವಿಚಾರದಲ್ಲಿ ಕ್ರಮ ಒಂದೇ: ಮೊದಲು ತಪ್ಪಿಸಿ, ಆಗದಿದ್ದರೆ ತಗ್ಗಿಸಿ, ಆಮೇಲೆ ಸರಿಪಡಿಸಿ, ಎಲ್ಲ ಮುಗಿದ ಮೇಲೆ ಉಳಿದದ್ದಕ್ಕೆ ಪರಿಹಾರ ಕೊಡಿ.

ಸಮೀಕ್ಷೆಯ ಪಂಚಾಂಗ

ಬೇಸಿಗೆಯಲ್ಲಿ ಒಣಗಿದ ಹಳ್ಳವನ್ನು ನೋಡಿ ‘ಜಲಚರಗಳಿಲ್ಲ’ ಎಂದು ಬರೆದರೆ ಮಳೆಗಾಲದಲ್ಲಿ ಆ ವಾಕ್ಯ ತೇಲಿಹೋಗುತ್ತದೆ. ವಲಸೆ ಹಕ್ಕಿ, ಕಪ್ಪೆ, ಹೂಬಿಡುವ ಗಿಡ, ಮೀನಿನ ಮೊಟ್ಟೆ ಎಲ್ಲಕ್ಕೂ ಅದರದರ ತಿಂಗಳುಗಳಿವೆ. ಮೊದಲ ವಾರದಲ್ಲೇ ಸಮೀಕ್ಷೆಗಳನ್ನು ಕ್ಯಾಲೆಂಡರ್‌ನಲ್ಲಿ ಕೂರಿಸಿ, ಅವುಗಳಿಗೆ ಮುಂಚೆ ಜಮೀನಿನೊಳಗೆ ಕಾಲಿಡುವ ಅನುಮತಿಗೂ ಸಮಯ ಬಿಡಿ. ಒಂದು ಋತು ತಪ್ಪಿದರೆ ಒಂದು ವರ್ಷ ತಪ್ಪಿದಂತೆ. ಹಳೆಯ ಸಮೀಕ್ಷೆ ಎಷ್ಟು ವರ್ಷ ಊರ್ಜಿತ ಎಂಬುದನ್ನು ಅನುಮತಿ ಕೊಡುವ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ.

ನೀರು, ಶಬ್ದ, ಪ್ರಾಣಿಗಳು

ಮೋರಿಯನ್ನು ಪ್ರವಾಹದ ಲೆಕ್ಕಕ್ಕಷ್ಟೇ ವಿನ್ಯಾಸ ಮಾಡಿದರೆ ಅದು ಸಾಮಾನ್ಯವಾಗಿ ಕಿರಿದಾಗುತ್ತದೆ. ನೀರು ವೇಗವಾಗಿ ನುಗ್ಗಿ ಹೊರಬಾಯಿಯ ಕೆಳಗೆ ನೆಲ ಕೊರೆಯುತ್ತದೆ. ಕೆಲವೇ ವರ್ಷಗಳಲ್ಲಿ ಬಾಯಿ ಗಾಳಿಯಲ್ಲಿ ನಿಂತು, ಮೀನು ಮೇಲೇರಲಾರದ ಸ್ಥಿತಿ ಬರುತ್ತದೆ. ಹಳ್ಳ ದಂಡೆ ತುಂಬಿ ಹರಿಯುವಾಗಿನ ಅಗಲದ ಸುಮಾರು 1.2 ಪಟ್ಟು ಅಗಲವನ್ನು ಆರಂಭದ ಅಂದಾಜಾಗಿ ಇಟ್ಟುಕೊಳ್ಳಿ. ಮೋರಿಯ ತಳವನ್ನು ಹಳ್ಳದ ತಳಕ್ಕಿಂತ ಕೆಳಗಿಳಿಸಿ, ಒಳಗೆ ಸಹಜ ಕಲ್ಲು ಮರಳು ನಿಲ್ಲುವಂತೆ ಮಾಡಿ.

ಶಬ್ದದಲ್ಲಿ ಮೂರು ಸಂಖ್ಯೆ ನೆನಪಿರಲಿ. ವಾಹನ ಸಂಖ್ಯೆ ದುಪ್ಪಟ್ಟಾದರೆ ಮಟ್ಟ 3 ಡೆಸಿಬೆಲ್ ಏರುತ್ತದೆ. ರಸ್ತೆಯಿಂದ ದೂರ ದುಪ್ಪಟ್ಟಾದರೆ ಗಟ್ಟಿ ನೆಲದಲ್ಲಿ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ವಾಹನ ಮತ್ತು ಕೇಳುಗರ ನಡುವಿನ ನೇರ ನೋಟವನ್ನು ತಡೆಗೋಡೆ ಮರೆಮಾಡಿದಾಗ ಸುಮಾರು 5 ಡೆಸಿಬೆಲ್ ತಗ್ಗುತ್ತದೆ. ಮನೆಗಳಿಗೆ ದಾರಿ ಬಿಡಲು ಗೋಡೆಯನ್ನು ಅಲ್ಲಲ್ಲಿ ಕತ್ತರಿಸಿದರೆ ಲಾಭ ಬಹುಪಾಲು ಸೋರಿಹೋಗುತ್ತದೆ. ಒಂದು ಸಾಲು ಮರ ನೆಟ್ಟು ಶಬ್ದ ತಗ್ಗಿಸಿದೆವು ಎನ್ನುವುದು ಕಾಗದದ ಮೇಲಿನ ಸಮಾಧಾನ. ಇನ್ನೊಂದು ಸಾಮಾನ್ಯ ತಪ್ಪು: ಶಬ್ದದವರ ಬಳಿ ಒಂದು ಸಂಚಾರ ಅಂದಾಜು, ವಾಯು ಮಾಲಿನ್ಯದವರ ಬಳಿ ಇನ್ನೊಂದು. ಸಂಚಾರದ ಕಡತ ಒಂದೇ ಇರಲಿ, ಅದರ ಮೇಲೆ ದಿನಾಂಕ ಮತ್ತು ಆವೃತ್ತಿ ಸಂಖ್ಯೆ ಇರಲಿ.

ಪ್ರಾಣಿ ದಾಟುಹಾದಿಗೆ ಬೇಲಿ ಜೊತೆಯಾಗದಿದ್ದರೆ ಅರ್ಧ ಕೆಲಸ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಮೇಲ್ದಾರಿ, ಕೆಳದಾರಿಗಳ ಜೊತೆಗೆ 2.4 ಮೀ. ಎತ್ತರದ ಬೇಲಿ ಹಾಕಿದ ಮೇಲೆ ವನ್ಯಜೀವಿ ಡಿಕ್ಕಿಗಳು ಶೇ 80ಕ್ಕಿಂತ ಹೆಚ್ಚು ಇಳಿದವು. ಅಲ್ಲಿಯೂ ಹುಷಾರಿನ ಪ್ರಾಣಿಗಳು ದಾಟುಹಾದಿಗೆ ಒಗ್ಗಿಕೊಳ್ಳಲು ವರ್ಷಗಳೇ ಹಿಡಿದವು. ಆದ್ದರಿಂದ ಆರು ತಿಂಗಳ ಕ್ಯಾಮೆರಾ ಚಿತ್ರ ನೋಡಿ ‘ವಿಫಲ’ ಎನ್ನಬೇಡಿ. ಬೇಲಿ ಮುಗಿಯುವ ತುದಿಯ ಮೇಲೆ ವಿಶೇಷ ಕಣ್ಣಿಡಿ, ಡಿಕ್ಕಿಗಳು ಅಲ್ಲಿಗೆ ಸರಿಯುತ್ತವೆ.

ಜನರ ಅಹವಾಲು

ಬಂದ ಪ್ರತಿ ಮಾತಿಗೂ ಸಂಖ್ಯೆ ಕೊಟ್ಟು, ಎದುರಿಗೆ ಉತ್ತರ ಮತ್ತು ವಿನ್ಯಾಸದಲ್ಲಾದ ಬದಲಾವಣೆ ಬರೆಯಿರಿ. ‘ಗಮನಿಸಲಾಗಿದೆ’ ಎಂಬುದು ಉತ್ತರವಲ್ಲ. ಬದಲಾವಣೆ ಸಾಧ್ಯವಿಲ್ಲದಿದ್ದರೆ ಕಾರಣ ಹೇಳಿ. ದನ ದಾಟುವ ಜಾಗ, ಬಾವಿ, ನೆರೆ ಬಂದ ಗುರುತು ಇವು ಸ್ಥಳೀಯರಿಗೆ ಗೊತ್ತಿರುವಷ್ಟು ಯಾವ ಉಪಗ್ರಹ ಚಿತ್ರಕ್ಕೂ ಗೊತ್ತಿಲ್ಲ. ಸಭೆಗೆ ದೊಡ್ಡ ನಕ್ಷೆ ಒಯ್ದು ಅವರ ಕೈಗೇ ಪೆನ್ನು ಕೊಡಿ.

ಟೆಂಡರಿನೊಳಗೆ ಬರದಿದ್ದರೆ

ವರದಿಯಲ್ಲಿ ಕೊಟ್ಟ ಮಾತು ಟೆಂಡರಿನ ಪರಿಮಾಣ ಪಟ್ಟಿಯಲ್ಲಿ (ಯಾವ ಕೆಲಸ, ಎಷ್ಟು ಪ್ರಮಾಣ ಎಂಬ ಪಟ್ಟಿ) ಇರದಿದ್ದರೆ ಗುತ್ತಿಗೆದಾರರು ಅದನ್ನು ಮಾಡುವುದಿಲ್ಲ, ಮಾಡಬೇಕೆಂದು ಕೇಳುವುದಕ್ಕೂ ಆಧಾರವಿರುವುದಿಲ್ಲ. ಬದ್ಧತೆಗಳ ಒಂದು ದಾಖಲೆ ತೆರೆಯಿರಿ. ಪ್ರತಿ ಸಾಲಿನಲ್ಲಿ ಚೈನೇಜ್ (ರಸ್ತೆಯ ಆರಂಭದಿಂದ ಅಳೆದ ದೂರ), ಕೆಲಸ, ಯಾವಾಗ, ಯಾರು, ಪರಿಮಾಣ ಪಟ್ಟಿಯ ಐಟಂ ಸಂಖ್ಯೆ, ಮುಗಿದದ್ದಕ್ಕೆ ಪುರಾವೆ. ‘ಧೂಳು ನಿಯಂತ್ರಿಸಬೇಕು’ ಎಂದು ಬರೆದರೆ ಅಳೆಯಲಾಗದು. ಯಾವ ಭಾಗಕ್ಕೆ, ದಿನಕ್ಕೆ ಎಷ್ಟು ಬಾರಿ, ಎಷ್ಟು ಟ್ಯಾಂಕರ್ ನೀರು, ಆ ನೀರು ಎಲ್ಲಿಂದ ಎಂದು ಬರೆಯಿರಿ.

ಕಾಮಗಾರಿ ನಡೆಯುವಾಗ ವಿನ್ಯಾಸ ಬದಲಾಗುವುದು ಖಂಡಿತ. ಪ್ರತಿ ಬದಲಾವಣೆಗೂ ಮೂರು ಪ್ರಶ್ನೆ: ಹೊಸ ನೆಲ ಸೇರಿತೇ, ಪರಿಣಾಮ ಹೆಚ್ಚಿತೇ, ಅನುಮತಿಯ ಷರತ್ತು ಮುರಿಯಿತೇ? ಒಂದಕ್ಕಾದರೂ ಹೌದು ಎಂದಾದರೆ ಆ ಜಾಗದಲ್ಲಿ ಯಂತ್ರ ಇಳಿಯುವ ಮೊದಲು ಮರುಪರಿಶೀಲನೆ ಆಗಬೇಕು. ರಸ್ತೆ ಹಸ್ತಾಂತರವಾಗುವ ದಿನ ಈ ದಾಖಲೆಯೂ ಕೈ ಬದಲಾಗಲಿ: ಬೇಲಿ ರಿಪೇರಿ, ಹೂಳು ತೆಗೆಯುವುದು, ನೆಟ್ಟ ಗಿಡಗಳಿಗೆ ನೀರು ಯಾರ ಬಜೆಟ್ಟಿನಿಂದ ಎಂಬುದು ಸಹಿ ಸಮೇತ ಅದರಲ್ಲಿರಲಿ.