ಪ್ರಸಂಗಪೀಠದಿಂದ ಇಳಿದ ಮೇಲೆ

ಕ್ರೈಸ್ತ ಸಭೆಯ ಪಾಸ್ಟರ್, ಅಂದರೆ ಸಭಾಪಾಲಕನ ಹುದ್ದೆಯಿಂದ ನಿವೃತ್ತಿ ಪಡೆಯುವುದು ಒಂದು, ಆರಾಧನೆಯಲ್ಲಿ ಪ್ರಸಂಗ ಮಾಡುವುದನ್ನು ನಿಲ್ಲಿಸುವುದು ಇನ್ನೊಂದು. ಮೊದಲನೆಯದಕ್ಕೆ ಸಭಾಪ್ರಾಂತವೇ ಏರ್ಪಾಡು ಮಾಡುತ್ತದೆ: ಬಿಷಪ್ಪರ ಪತ್ರ ಬರುತ್ತದೆ, ಬೀಳ್ಕೊಡುಗೆ ನಡೆಯುತ್ತದೆ, ಪಾಸ್ಟರ್ ಬಂಗಲೆಯ ಬೀಗದ ಕೈ ಒಪ್ಪಿಸಿ ಹೊರಡುತ್ತೇವೆ. ಎರಡನೆಯದಕ್ಕೆ ಯಾರ ಆದೇಶವೂ ಬರುವುದಿಲ್ಲ. ನಿವೃತ್ತನಾದ ಮೇಲೂ ನಾನು ಹಲವು ವರ್ಷ ಪ್ರಸಂಗ ಮಾಡುತ್ತಲೇ ಇದ್ದೆ. ಅಯ್ಯನವರು ರಜೆಯಲ್ಲಿದ್ದಾರೆ, ಬನ್ನಿ. ಸ್ತ್ರೀಸಂಘದ ವಾರ್ಷಿಕೋತ್ಸವ, ಬನ್ನಿ. ಮನೆ ಪ್ರತಿಷ್ಠೆ, ಸುಗ್ಗಿಯ ಹಬ್ಬ, ಕೊಡಗಿನ ತೋಟದ ಕಾರ್ಮಿಕರ ಸಣ್ಣ ಸಭೆ. ದಕ್ಷಿಣ ಕನ್ನಡ, ಉಡುಪಿ, ಕೊಡಗು ಎಂದು ಬಸ್ಸಿನಲ್ಲಿ ತಿರುಗಿದೆ. ಆ ಕರೆಗಳಲ್ಲಿ ಪ್ರೀತಿಯಿತ್ತು, ನನಗೂ ಸಂತೋಷವಿತ್ತು.

ನಿಲ್ಲಿಸಬೇಕು ಎಂದು ನನಗೆ ಹೇಳಿದ್ದು ಸತ್ಯವೇದದ (ಬೈಬಲಿನ) ಅರಣ್ಯಕಾಂಡದ ಎಂಟನೆಯ ಅಧ್ಯಾಯ. ಇಸ್ರಾಯೇಲ್ಯರಲ್ಲಿ ಆರಾಧನೆಯ ಸೇವೆಗೆ ನೇಮಕವಾದ ಕುಲದವರಾದ ಲೇವಿಯರು ಇಪ್ಪತ್ತೈದನೆಯ ವಯಸ್ಸಿನಲ್ಲಿ ದೇವದರ್ಶನದ ಗುಡಾರದ ಸೇವೆಗೆ ಬರಬೇಕು, ಐವತ್ತಾದಾಗ ಆ ಕೆಲಸ ಬಿಡಬೇಕು ಎಂದು ಅಲ್ಲಿ ನಿಯಮವಿದೆ. ಆದರೆ ಅವರನ್ನು ಗುಡಾರದಿಂದ ಹೊರಗೆ ಕಳುಹಿಸುವುದಿಲ್ಲ. ತಮ್ಮ ಸಹೋದರರಿಗೆ ಸಹಾಯಕರಾಗಿ ಅವರು ಅಲ್ಲಿಯೇ ಇರಬಹುದು. ಸೇವೆಯ ಹೊಣೆ ಮಾತ್ರ ಅವರದಲ್ಲ. ಎಷ್ಟೋ ಸಲ ಓದಿದ್ದ ಆ ಮಾತು, ನಮ್ಮ ಸಭೆಯ ಒಬ್ಬ ಹಿರಿಯರು ‘ನೀವಿರುವಾಗ ನಾವೇಕೆ ಮಾತನಾಡಬೇಕು?’ ಎಂದ ವಾರ ನನ್ನನ್ನು ಹಿಡಿದು ನಿಲ್ಲಿಸಿತು. ಅವರು ಗೌರವದಿಂದಲೇ ಹೇಳಿದ್ದರು. ನಾನು ಪೀಠದಲ್ಲಿ ಇರುವವರೆಗೆ ಆ ಊರಿನಲ್ಲಿ ಇನ್ನೊಬ್ಬ ಪ್ರಸಂಗಿ ಹುಟ್ಟುವುದಿಲ್ಲ ಎಂಬುದು ಆಗ ಸ್ಪಷ್ಟವಾಯಿತು. ಧ್ವನಿ ಗಟ್ಟಿಯಾಗಿರುವಾಗಲೇ ಬಿಡಬೇಕು ಎಂದು ನಿರ್ಧರಿಸಿದೆ. ನೆನಪು ಕೈಕೊಟ್ಟ ಮೇಲೆ ಬಿಟ್ಟರೆ ಸಭೆ ನಮ್ಮನ್ನು ಸಹಿಸಿಕೊಂಡ ಮೇಲೆ ಬಿಟ್ಟಂತೆ.

ಬಿಡುವ ದಿನವನ್ನು ಸಭೆಯ ಪಂಚಾಂಗ, ಅಂದರೆ ಆರಾಧನೆಯ ಕ್ಯಾಲೆಂಡರ್, ನೋಡಿ ಆರಿಸಿದೆ. ಸಭೆಯ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ. ಅದರ ಹಿಂದಿನ ಭಾನುವಾರವೇ ನನ್ನ ಕೊನೆಯ ಪ್ರಸಂಗ ಎಂದು ಸಭಾಪಾಲಕರಿಗೆ ತಿಂಗಳುಗಳ ಮೊದಲೇ ಬರೆದುಕೊಟ್ಟೆ. ಬರೆದುಕೊಡುವುದು ಮುಖ್ಯ. ಬಾಯಿಮಾತಿನಲ್ಲಿ ಹೇಳಿದರೆ ಎಲ್ಲರೂ ನಕ್ಕು ‘ನೋಡೋಣ’ ಎನ್ನುತ್ತಾರೆ. ಪತ್ರದಲ್ಲಿ ಮದುವೆ, ಸುಗ್ಗಿಯ ಹಬ್ಬ, ವಾರ್ಷಿಕೋತ್ಸವ ಯಾವುದಕ್ಕೂ ವಿನಾಯಿತಿ ಇಟ್ಟುಕೊಳ್ಳಲಿಲ್ಲ. ಸಮಾಧಿ ಆರಾಧನೆಯಲ್ಲಿ ಸಭಾಪಾಲಕರು ಕೇಳಿದರೆ ಸತ್ಯವೇದದ ಒಂದು ಕೀರ್ತನೆ ಓದಿ ಪ್ರಾರ್ಥಿಸುತ್ತೇನೆ, ಅಷ್ಟೇ. ನಾನೇ ದೀಕ್ಷಾಸ್ನಾನ ಕೊಟ್ಟು ಬೆಳೆಯುವುದನ್ನು ಕಂಡ ಮಕ್ಕಳ ಮದುವೆಗೆ ‘ಪ್ರಸಂಗ ನಿಮ್ಮದೇ ಆಗಬೇಕು’ ಎಂದು ತಂದೆತಾಯಿ ಬಂದು ಕೂತಾಗ ಇಲ್ಲ ಎನ್ನುವುದು ಬಹಳ ಕಷ್ಟ. ಆದರೂ ಇಲ್ಲ ಎಂದೇ ಹೇಳಿದೆ. ಈಗಿನ ಸಭಾಪಾಲಕರ ಎದುರಿಗೆ ಆ ಮನೆಯವರ ವಿಶ್ವಾಸ ಹಳಬನ ಕಡೆಗೆ ವಾಲಿದರೆ ಮುಂದೆ ಕಾಯಿಲೆ ಕಷ್ಟ ಬಂದಾಗ ಅವರು ಯಾರ ಬಾಗಿಲು ತಟ್ಟಬೇಕು?

ನನ್ನ ಜೊತೆಯಲ್ಲಿ ಓದಿದ ಗೆಳೆಯರೊಬ್ಬರು ಒಪ್ಪಲಿಲ್ಲ. ‘ವಾಕ್ಯವನ್ನು ಸಾರು, ಅನುಕೂಲವಾದ ಕಾಲದಲ್ಲಿಯೂ ಅನುಕೂಲವಿಲ್ಲದ ಕಾಲದಲ್ಲಿಯೂ’ ಎಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ನನ್ನ ಮುಂದಿಟ್ಟರು. ಅದು ವಯಸ್ಸಾದ ಅಪೊಸ್ತಲ ಪೌಲನು ಕಿರಿಯ ತಿಮೊಥೆಯನಿಗೆ ಕೊಟ್ಟ ಆಜ್ಞೆ. ತನ್ನ ಬಗ್ಗೆ ಅದೇ ಅಧ್ಯಾಯದಲ್ಲಿ ಪೌಲನು ಹೇಳುವುದು, ಓಟವನ್ನು ಕಡೆಗಾಣಿಸಿದ್ದೇನೆ ಎಂದು. ಆಮೇಲೆ ಅವನು ಕೇಳುವುದು ತ್ರೋವ ಪಟ್ಟಣದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ಮತ್ತು ಪುಸ್ತಕಗಳನ್ನು. ಓದುವುದನ್ನು ಅವನು ಬಿಟ್ಟಿರಲಿಲ್ಲ. ನಾನೂ ಬಿಟ್ಟಿಲ್ಲ.

ಪುಸ್ತಕಗಳ ವಿಷಯ ಬಂದಿತಲ್ಲ, ಅದನ್ನೂ ಹೇಳುತ್ತೇನೆ. ವ್ಯಾಖ್ಯಾನ ಗ್ರಂಥಗಳನ್ನು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಿಂದ ಹೊಸದಾಗಿ ಹೊರಬಂದ ಕಿರಿಯರಿಗೆ ಹಂಚಿದೆ. ಸತ್ಯವೇದ, ಗೀತೆಗಳ ಪುಸ್ತಕ, ಕಿಟ್ಟೆಲ್ ನಿಘಂಟು ಉಳಿಸಿಕೊಂಡೆ. ಪ್ರಸಂಗದ ನೋಟ್‌ಪುಸ್ತಕಗಳನ್ನು ಯಾರಿಗೂ ಕೊಡಲಿಲ್ಲ. ಸಾವಿನ ಮನೆಯಲ್ಲಿ ಮಾಡಿದ ಪ್ರಸಂಗಗಳಲ್ಲಿ ಕುಟುಂಬಗಳ ನೋವು, ಜಗಳ, ಗುಟ್ಟು ಎಲ್ಲವೂ ಇದ್ದವು, ಅವುಗಳನ್ನು ಸುಟ್ಟುಬಿಟ್ಟೆ. ಉಳಿದವು ಕಪಾಟಿನಲ್ಲಿವೆ. ಇನ್ನೊಬ್ಬರು ಅವುಗಳನ್ನು ನಕಲು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರಸಂಗ ಆ ಭಾನುವಾರ ಆ ಬೆಂಚುಗಳಲ್ಲಿ ಕೂತವರಿಗಾಗಿ ಬರೆದದ್ದು. ಮುಂಗಾರು ಕೈಕೊಟ್ಟ ವರ್ಷದ ಪ್ರಸಂಗವನ್ನು ನೆರೆ ಬಂದ ವರ್ಷ ಓದಲು ಆಗುವುದಿಲ್ಲ.

ಹೆಚ್ಚು ಕಾಲ ಹಿಡಿದದ್ದು ಕೇಳುವುದನ್ನು ಕಲಿಯಲು. ನನ್ನ ವಾರವೆಲ್ಲ ಪ್ರಸಂಗದ ಸುತ್ತ ಕಟ್ಟಿಕೊಂಡಿತ್ತು. ಪಂಚಾಂಗದಲ್ಲಿ ಕೊಟ್ಟಿರುವ ಹಳೆಯ ಒಡಂಬಡಿಕೆ, ಪತ್ರಿಕೆ, ಸುವಾರ್ತೆ, ಕೀರ್ತನೆಗಳನ್ನು ಸೋಮವಾರ ಗಟ್ಟಿಯಾಗಿ ಓದುತ್ತಿದ್ದೆ. ವಾರದ ನಡುವೆ ಮನೆಭೇಟಿ. ನಿಜವಾದ ಪ್ರಸಂಗ ಸಿಗುತ್ತಿದ್ದುದು ಅಲ್ಲಿ, ಯಾರದೋ ಅಡುಗೆಮನೆಯ ಬಾಗಿಲಲ್ಲಿ. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಮಾತನಾಡಿಸುತ್ತಿರಲಿಲ್ಲ. ಪೀಠ ಬಿಟ್ಟ ಮೇಲೂ ಮನಸ್ಸು ಹಳೆಯ ದಾರಿಯಲ್ಲೇ ಓಡಿತು. ಬೆಂಚಿನಲ್ಲಿ ಕೂತು ವಾಕ್ಯ ಕೇಳಿದ ಕೂಡಲೇ ಮೂರು ಭಾಗ ಮಾಡಿ ನನ್ನದೇ ಪ್ರಸಂಗ ಕಟ್ಟಲು ತೊಡಗುತ್ತಿತ್ತು. ಅದಕ್ಕೆ ಒಂದು ಉಪಾಯ ಹೂಡಿದೆ: ಶನಿವಾರ ಆ ವಾರದ ಪಾಠಗಳನ್ನು ಓದುವುದೇ ಇಲ್ಲ. ಭಾನುವಾರ ಓದುವವರ ಬಾಯಿಂದಲೇ ಮೊದಲು ಕೇಳುತ್ತೇನೆ. ಮನೆಗೆ ಬಂದ ಮೇಲೆ ಪ್ರಸಂಗದ ಒಂದು ಮಾತನ್ನು ಹೆಂಡತಿಗೆ ಹೇಳುತ್ತೇನೆ, ಅವಳೂ ಒಂದು ಹೇಳುತ್ತಾಳೆ. ಅಷ್ಟು ವರ್ಷ ನಾನು ಪೀಠದಲ್ಲಿ, ಅವಳು ಒಬ್ಬಳೇ ಬೆಂಚಿನಲ್ಲಿ. ಈಗ, ನಮ್ಮ ದಕ್ಷಿಣ ಇಂಡಿಯಾ ಸಭೆಯ (ಸಿ.ಎಸ್.ಐ.) ಕರ್ತನ ಭೋಜನದ ಆರಾಧನಾ ಕ್ರಮದಲ್ಲಿ 1950ರಿಂದ ಇರುವ ಸಮಾಧಾನದ ವಂದನೆ ಕೈಯಿಂದ ಕೈಗೆ ಸಾಲಾಗಿ ಬರುವಾಗ ಅದನ್ನು ಪಡೆಯುವ ಕಡೆಯಲ್ಲಿ ನಿಂತಿರುತ್ತೇನೆ. ಕೊಡುವುದಕ್ಕಿಂತ ಅದಕ್ಕಾಗಿ ಕಾಯುವುದರಲ್ಲಿ ಹೆಚ್ಚು ಪ್ರಾರ್ಥನೆ ಇದೆ ಎಂದು ನನಗೆ ಅನ್ನಿಸುತ್ತದೆ.

ಲೇವಿಯರಿಗೆ ಹೇಳಿದ ಸಹಾಯದ ಕೆಲಸವೂ ಇದೆ. ಕಿರಿಯ ಸಭಾಪಾಲಕರು ವಾರದಲ್ಲಿ ಒಂದು ಸಂಜೆ ಬರುತ್ತಾರೆ. ನಾನು ಪ್ರಸಂಗ ತಿದ್ದುವುದಿಲ್ಲ. ‘ಈ ವಾಕ್ಯ ಓದಿದಾಗ ಸಭೆಯಲ್ಲಿ ಯಾರ ಮುಖ ನೆನಪಾಯಿತು?’ ಎಂದು ಕೇಳುತ್ತೇನೆ. ಅವರು ಯೋಚಿಸುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಕಣ್ಣು ಕಾಣದ ಹಿರಿಯರ ಮನೆಗಳಿಗೆ ಹೋಗಿ ಕೀರ್ತನೆ ಓದುತ್ತೇನೆ, ಒಮ್ಮೊಮ್ಮೆ ತುಳುವಿನಲ್ಲಿ ಹಾಡುತ್ತೇವೆ.

ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಜನ ಹಂಚಿಕೊಳ್ಳುತ್ತಾರೆ. ಐದನೆಯದು, ‘ನನಗೆ ನೀರಡಿಕೆಯಾಗಿದೆ’, ಬಹುಕಾಲ ನನ್ನದೇ ಆಗಿತ್ತು. ನಾನು ಯಾವಾಗಲೂ ಅರವತ್ತೊಂಬತ್ತನೆಯ ಕೀರ್ತನೆಯಿಂದ ಆರಂಭಿಸುತ್ತಿದ್ದೆ. ಈ ವರ್ಷ ಅದನ್ನು ನಮ್ಮ ಸಭೆಯ ಒಬ್ಬ ನರ್ಸ್‌ಗೆ ಕೊಟ್ಟರು. ನೀರು ನುಂಗಲಾಗದ ರೋಗಿಗಳ ತುಟಿಗೆ ಒದ್ದೆ ಹತ್ತಿ ಹಚ್ಚುವ ಕೆಲಸದಿಂದ ಅವರು ಮಾತು ಎತ್ತಿಕೊಂಡರು. ಸಾಯುತ್ತಿರುವವರು ನೀರು ಕೇಳುವುದು ಹೇಗೆ, ಕೇಳಲೂ ಆಗದವರ ಬಾಯಿ ಹೇಗಿರುತ್ತದೆ ಎಂದು ಹೇಳಿದರು. ಅದು ನನ್ನಿಂದ ಎಂದೂ ಬರಲಾರದ ಪ್ರಸಂಗ. ಈಚೆಗೆ ಬೇರೆ ಊರಿನ ಸಭೆಯಿಂದ ನನಗೆ ಕರೆ ಬಂದರೆ, ಆ ನರ್ಸ್‌ನ ಮೊಬೈಲ್ ಸಂಖ್ಯೆ ಕೊಡಬಹುದೇ ಎಂದು ಅವರನ್ನೇ ಕೇಳಿ, ಕೊಡುತ್ತೇನೆ.